ಜಿಪಿಎಸ್ ಪಥದರ್ಶಕ ಸಾಧನ: ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಆಯ್ಕೆ ಮತ್ತು ಬಳಕೆ

ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕಿ, ಅದನ್ನು ನಕ್ಷೆಯ ಮೇಲೆ ಗುರುತಿಸಿ, ತಲುಪಬೇಕಾದ ಊರಿಗೆ ದಾರಿ ಹೇಳುವ ಉಪಕರಣಕ್ಕೆ ಜಿಪಿಎಸ್ ಪಥದರ್ಶಕ ಸಾಧನ ಎಂದು ಹೆಸರು. ಜೇಬಿನ ಮೊಬೈಲ್, ಕಾರಿನ ಡ್ಯಾಶ್‌ಬೋರ್ಡ್ ಪರದೆ, ಚಾರಣಿಗರ ಕೈಸಾಧನ, ಬಾಡಿಗೆ ವಾಹನದ ಟ್ರ್ಯಾಕರ್, ಭೂಮಾಪಕರ ರೋವರ್ ಎಲ್ಲವೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಬೆಲೆ ಮಾತ್ರ ಕೆಲವು ನೂರು ರೂಪಾಯಿಯಿಂದ ಹಲವು ಲಕ್ಷದವರೆಗೆ ಹರಡಿಕೊಂಡಿದೆ. ಇವುಗಳಲ್ಲಿ ಯಾವುದು ತಕ್ಕದ್ದು ಎಂಬುದನ್ನು ತೀರ್ಮಾನಿಸುವ ಮೊದಲ ಪ್ರಶ್ನೆ ಒಂದೇ: ಮಾಡಬೇಕಾದ ಕೆಲಸ ಎಷ್ಟು ಮೀಟರ್ ತಪ್ಪನ್ನು ತಡೆದುಕೊಳ್ಳುತ್ತದೆ? ಅದಕ್ಕೆ ಉತ್ತರ ಸಿಕ್ಕರೆ ಬಜೆಟ್ಟಿನ ಲೆಕ್ಕ ತಾನಾಗಿ ಹೊಂದಿಕೊಳ್ಳುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆ ಈ ಸಾಧನಗಳ ಎಲ್ಲ ಬಗೆಯ ಬಳಕೆಯನ್ನೂ ಒಟ್ಟಿಗೆ ಕಾಣಬಹುದಾದ ಪ್ರದೇಶ. ಇಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ, ಗೋದಾಮುಗಳಿವೆ, ಕೈಗಾರಿಕಾ ಪ್ರದೇಶಗಳಿವೆ, ದ್ರಾಕ್ಷಿ ತೋಟಗಳಿವೆ, ಚಾರಣದ ಬೆಟ್ಟಗಳಿವೆ. ಇದಕ್ಕೆ ಮಿಗಿಲಾಗಿ ಗುಂಟೆ ಲೆಕ್ಕದಲ್ಲಿ ಬೆಲೆ ಏರುತ್ತಿರುವ ಜಮೀನಿದೆ.

ಹಿನ್ನೆಲೆ

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆ. 1973ರಲ್ಲಿ ಆರಂಭವಾಗಿ, 1978ರಲ್ಲಿ ಮೊದಲ ಉಪಗ್ರಹ ಹಾರಿ, 1995ರಲ್ಲಿ ಪೂರ್ಣ ಪ್ರಮಾಣದ ಸೇವೆಗೆ ಬಂತು. ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆಯೇ ರಸ್ತೆ ಬಳಕೆಗೆ ಇದು ನಿಜವಾಗಿ ಒದಗಿತು. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಇದೇ ಬಗೆಯ ವ್ಯವಸ್ಥೆಗಳು. ಇಂದು ಜನ ‘ಜಿಪಿಎಸ್’ ಎಂದು ಕರೆಯುವ ಸಾಧನ ಸಾಮಾನ್ಯವಾಗಿ ಇವುಗಳಲ್ಲಿ ಹಲವನ್ನು ಒಟ್ಟಿಗೆ ಬಳಸುತ್ತದೆ.

ಭಾರತದ ಸ್ವಂತ ವ್ಯವಸ್ಥೆಯಾದ ನಾವಿಕ್ ಬೆಂಗಳೂರಿಗೆ ತೀರ ಹತ್ತಿರದ ವಿಷಯ. ಇದರ ಮೊದಲ ಉಪಗ್ರಹವನ್ನು ಇಸ್ರೊ 2013ರ ಜುಲೈ 1ರಂದು ಹಾರಿಸಿತು. ಏಳನೆಯದು 2016ರ ಏಪ್ರಿಲ್ 28ರಂದು ಹಾರಿತು. ಇದರ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಕೆಲವು ಉಪಗ್ರಹಗಳ ಆಮದು ಪರಮಾಣು ಗಡಿಯಾರಗಳು ಕೆಟ್ಟು ಸೇವೆಗೆ ಪೆಟ್ಟು ಬಿದ್ದದ್ದರಿಂದ ಇಸ್ರೊ ದೇಶೀಯ ಗಡಿಯಾರ ರೂಪಿಸಿ, 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಳವಡಿಸಿತು. ಸಾಮಾನ್ಯ ಮೊಬೈಲುಗಳಿಗೆ ಒಗ್ಗುವ ಎಲ್1 ಎಂಬ ಆವರ್ತನದ ಸಂಕೇತವನ್ನೂ ಈ ಉಪಗ್ರಹ ಹೊತ್ತಿದೆ. ಮುಂದಿನ ಎನ್‌ವಿಎಸ್-02 2025ರ ಜನವರಿಯಲ್ಲಿ ಹಾರಿದರೂ ಉದ್ದೇಶಿತ ಕಕ್ಷೆ ಸೇರಲಿಲ್ಲ. ಹೀಗಾಗಿ ನಾವಿಕ್ ಇರುವ ಸಾಧನ ಕೊಳ್ಳುವುದು ಒಳ್ಳೆಯದೇ ಆದರೂ ಸದ್ಯಕ್ಕೆ ಅದನ್ನು ಜಿಪಿಎಸ್ ಜೊತೆಗಿನ ಬಲವೆಂದು ಎಣಿಸಬೇಕು.

ವಿಮಾನಗಳಿಗಾಗಿ ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ರೂಪಿಸಿದ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರವೂ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಜಿಪಿಎಸ್ ಸಂಕೇತದ ತಪ್ಪನ್ನು ಅಳೆದು ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ಬಿತ್ತರಿಸುವುದು ಇದರ ಕೆಲಸ. ಇಂಥ ಬಿತ್ತರವನ್ನು ಹಿಡಿಯುವ ಎಸ್‌ಬಿಎಎಸ್ ಎಂಬ ಸೌಲಭ್ಯವಿರುವ ಕೈಸಾಧನಗಳು ಈ ತಿದ್ದುಪಡಿಯ ಲಾಭ ಪಡೆಯಬಲ್ಲವು.

ಕೆಲಸದ ಬಗೆ ಮತ್ತು ನಿಖರತೆ

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳು ತಮ್ಮ ಸ್ಥಾನವನ್ನೂ ಸಂಕೇತ ಹೊರಟ ಸಮಯವನ್ನೂ ಸದಾ ಬಿತ್ತರಿಸುತ್ತವೆ. ಸಂಕೇತ ಬರಲು ಹಿಡಿದ ಹೊತ್ತಿನಿಂದ ಸಾಧನ ದೂರವನ್ನು ಲೆಕ್ಕ ಹಾಕುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಾಧನದ ಗಡಿಯಾರದ ತಪ್ಪು ಎಂಬ ನಾಲ್ಕು ಅಜ್ಞಾತಗಳಿರುವುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ಪರಮಾಣು ಗಡಿಯಾರ ಬೇಕಾಗುವುದು ಈ ಕಾರಣಕ್ಕೆ.

ತೆರೆದ ಆಕಾಶದಡಿ ಒಳ್ಳೆಯ ಮೊಬೈಲ್ ಸುಮಾರು 5 ಮೀಟರ್ ಅಳತೆಯೊಳಗೆ ಜಾಗ ತೋರಿಸುತ್ತದೆ. ಎತ್ತರದ ಕಟ್ಟಡ, ಬಂಡೆ, ದಟ್ಟ ಮರಗಳ ನಡುವೆ ಸಂಕೇತ ಬಡಿದು ವಾಪಸಾಗುವುದರಿಂದ ತಪ್ಪು ಹಲವು ಪಟ್ಟು ಬೆಳೆಯುತ್ತದೆ. ಎಲ್1 ಜೊತೆಗೆ ಎಲ್5 ಸಂಕೇತವನ್ನೂ ಹಿಡಿಯುವ ದ್ವಿ-ಆವರ್ತನ ಸಾಧನಗಳು ಇಂಥ ಕಡೆ ಮೇಲುಗೈ ಸಾಧಿಸುತ್ತವೆ. 2018ರಿಂದೀಚೆಗೆ ಈ ಸೌಲಭ್ಯ ಮೊಬೈಲುಗಳಿಗೂ ಬಂದಿದೆ. ಹೊಸ ಮೊಬೈಲ್ ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವಷ್ಟೇ ಆಸ್ಥೆಯಿಂದ ‘ಎಲ್5 ಇದೆಯೇ, ನಾವಿಕ್ ಇದೆಯೇ’ ಎಂದು ಕೇಳಬೇಕು.

ಉಪಗ್ರಹದ ಸಂಕೇತ ಹಿಡಿಯಲು ಇಂಟರ್‌ನೆಟ್ ಬೇಕಿಲ್ಲ. ಬೇಕಾಗುವುದು ನಕ್ಷೆ, ವಿಳಾಸ ಹುಡುಕಾಟ ಮತ್ತು ವಾಹನ ದಟ್ಟಣೆಯ ಮಾಹಿತಿಗೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಸಾಧನ ದಾರಿ ಹೇಳುತ್ತದೆ. ಆದರೆ ನೆಟ್‌ವರ್ಕ್ ನೆರವಿಲ್ಲದೆ ಮೊದಲ ಬಾರಿಗೆ ಜಾಗ ಗುರುತಿಸಲು ಹೆಚ್ಚು ಹೊತ್ತು ಹಿಡಿಯಬಹುದು. ಆದ್ದರಿಂದ ಹೊರಡುವ ಮೊದಲೇ, ಊರೊಳಗೇ ಸಾಧನವನ್ನು ಚಾಲೂ ಮಾಡಿಕೊಳ್ಳುವುದು ಜಾಣತನ.

ಜಿಲ್ಲೆಯ ದಾರಿಗಳು ಮತ್ತು ಹೆಸರುಗಳು

ದಾರಿ ತಪ್ಪಿಸುವ ದೋಷಗಳು ಹಲವೊಮ್ಮೆ ಉಪಗ್ರಹದ್ದಲ್ಲ, ನಕ್ಷೆಯದು ಮತ್ತು ಹೆಸರಿನದು. ಇದಕ್ಕೆ ಈ ಜಿಲ್ಲೆಯಲ್ಲಿ ಒಳ್ಳೆಯ ಉದಾಹರಣೆಗಳಿವೆ. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣವಿದೆ. ಬಿಜಾಪುರಕ್ಕೆ 2014ರ ನವೆಂಬರ್ 1ರಿಂದ ವಿಜಯಪುರವೆಂದೇ ಅಧಿಕೃತ ಹೆಸರಾದ ಮೇಲೆ, ಬರಿಯ ಊರ ಹೆಸರನ್ನು ಟೈಪ್ ಮಾಡಿದವರಿಗೆ ಸಾಧನ 500 ಕಿಲೋಮೀಟರಿಗೂ ದೂರದ ಊರನ್ನು ತೋರಿಸಬಹುದು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಗೆ ಹೊರಟವರನ್ನು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದತ್ತ ತಿರುಗಿಸುವ ಸಾಧ್ಯತೆಯೂ ಇದೆ. ಹೊಸಹಳ್ಳಿ, ಗೊಲ್ಲಹಳ್ಳಿಯಂಥ ಹೆಸರುಗಳಂತೂ ತಾಲ್ಲೂಕಿಗೊಂದು ಸಿಗುತ್ತವೆ. ಊರ ಹೆಸರಿನ ಜೊತೆ ಹೋಬಳಿ, ತಾಲ್ಲೂಕು ಅಥವಾ ಪಿನ್‌ಕೋಡ್ ಸೇರಿಸುವುದು ಇದಕ್ಕೆ ಸುಲಭ ಪರಿಹಾರ: ದೇವನಹಳ್ಳಿಗೆ 562110, ಅದರ ವಿಜಯಪುರಕ್ಕೆ 562135, ದೊಡ್ಡಬಳ್ಳಾಪುರಕ್ಕೆ 561203, ಹೊಸಕೋಟೆಗೆ 562114, ನೆಲಮಂಗಲಕ್ಕೆ 562123. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಡಿಜಿಪಿನ್ ಸುಮಾರು 4 ಮೀಟರ್ ಚೌಕದ ಪ್ರತಿಯೊಂದು ತುಣುಕಿಗೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ಬಾಗಿಲ ಸಂಖ್ಯೆಯಿಲ್ಲದ ತೋಟದ ಮನೆಗಳಿಗೆ ಇದು ಉಪಯುಕ್ತ.

ಹೆದ್ದಾರಿಗಳ ಸಂಖ್ಯೆಯೂ ಗೊಂದಲಕ್ಕೆ ಎಡೆಮಾಡಿದೆ. 2010ರ ಮರುಸಂಖ್ಯೆಗೆ ಮೊದಲು ನೆಲಮಂಗಲದಿಂದ ಹಾಸನದ ಕಡೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು, ತುಮಕೂರು ರಸ್ತೆ 4 ಆಗಿತ್ತು. ಈಗ ತುಮಕೂರು ರಸ್ತೆಗೆ 48, ಹಾಸನ ರಸ್ತೆಗೆ 75. ಹಳೆಯ ನಕ್ಷೆ ಇರುವ ಸಾಧನವೊಂದು ನೆಲಮಂಗಲದ ಕೂಡುರಸ್ತೆಯಲ್ಲಿ ‘48ಕ್ಕೆ ಹೋಗಿ’ ಎಂದು ಹಾಸನದ ಕಡೆ ಕಳಿಸುವಾಗ, ಎದುರಿನ ಫಲಕದಲ್ಲಿ 48 ಎಂದರೆ ತುಮಕೂರು. ದೇವನಹಳ್ಳಿಯ ಮೂಲಕ ಹೋಗುವ ಹಳೆಯ 7 ಈಗ 44. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸಿದ ಹಳೆಯ 207 ಈಗ 648. ಇವುಗಳ ಜೊತೆಗೆ ಸ್ಯಾಟಲೈಟ್ ಟೌನ್ ವರ್ತುಲ ರಸ್ತೆಯ ದಾಬಸ್‌ಪೇಟೆ–ಹೊಸಕೋಟೆ ಭಾಗ 2024ರಲ್ಲಿ ಬಳಕೆಗೆ ಬಂತು. ಅದೇ ವರ್ಷದ ಕೊನೆಗೆ ಹೊಸಕೋಟೆ ಕಡೆಯಿಂದ ಹೊರಡುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗವೂ ತೆರೆಯಿತು. ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿತು. ದಾರಿಗಳೂ ಹೆಸರುಗಳೂ ಇಷ್ಟು ಬೇಗ ಬದಲಾಗುವ ಕಡೆ, ನಕ್ಷೆ ಹೊಸದಾಗದ ಸಾಧನ ಎಷ್ಟು ಅಗ್ಗವಾದರೂ ದುಬಾರಿಯೇ.

ಮೇಲ್ಸೇತುವೆ ಮತ್ತೊಂದು ತೊಡಕು. ವಿಮಾನ ನಿಲ್ದಾಣದ ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಮೇಲಿನ ಹಾದಿ ಮತ್ತು ಕೆಳಗಿನ ಸರ್ವಿಸ್ ರಸ್ತೆಗೆ ಅಕ್ಷಾಂಶ, ರೇಖಾಂಶ ಹೆಚ್ಚುಕಡಿಮೆ ಒಂದೇ. ಎತ್ತರದ ಅಳತೆಯಲ್ಲಿ ಉಪಗ್ರಹ ವ್ಯವಸ್ಥೆಯ ತಪ್ಪು ಅಡ್ಡ ಅಳತೆಗಿಂತ ಹೆಚ್ಚಿರುವುದರಿಂದ ವಾಹನ ಮೇಲಿದೆಯೋ ಕೆಳಗಿದೆಯೋ ಸಾಧನಕ್ಕೆ ತಿಳಿಯುವುದು ಕಷ್ಟ. ಗೂಗಲ್ ಮ್ಯಾಪ್ಸ್ ಮೇಲ್ಸೇತುವೆಯ ಮುನ್ಸೂಚನೆಯನ್ನು ಭಾರತದಲ್ಲಿ 2024ರಲ್ಲಿ ಆರಂಭಿಸಿತು. ಅದಿದ್ದರೂ ವಿಮಾನಕ್ಕೆ ಹೊರಟವರು ರಸ್ತೆ ಫಲಕದ ಮೇಲೆ ಒಂದು ಕಣ್ಣಿಡಬೇಕು.

ಸಾಧನಗಳ ವಿಧಗಳು

ಮೊಬೈಲ್: ಕಾರು, ಬೈಕು, ಆಟೊ ಯಾವುದಕ್ಕಾದರೂ ಬಹುಪಾಲು ಜನರಿಗೆ ಇದೇ ಸಾಕು. ಗೂಗಲ್ ಮ್ಯಾಪ್ಸ್ 2017ರ ಡಿಸೆಂಬರಿನಲ್ಲಿ ಭಾರತದಲ್ಲಿ ದ್ವಿಚಕ್ರ ವಾಹನದ ಮಾರ್ಗವನ್ನೂ 2018ರಲ್ಲಿ ಕನ್ನಡದ ಧ್ವನಿ ಸೂಚನೆಯನ್ನೂ ತಂದಿತು. ಮ್ಯಾಪ್‌ಮೈಇಂಡಿಯಾ ಸಂಸ್ಥೆಯ ಮ್ಯಾಪಲ್ಸ್ ದೇಶೀಯ ಆಯ್ಕೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತವೆ. ಒಂದಕ್ಕಿಂತ ಹೆಚ್ಚು ಆ್ಯಪ್ ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ, ಲಾಭವಿದೆ. ಬಿಸಿಲಿಗೆ ಕಾಯುವುದು, ಬ್ಯಾಟರಿ ಬೇಗ ಇಳಿಯುವುದು, ಮಳೆಯಲ್ಲಿ ಸ್ಪರ್ಶ ಪರದೆ ಕೈಕೊಡುವುದು ಮೊಬೈಲಿನ ಮಿತಿಗಳು. ಬೈಕಿನ ಎಂಜಿನ್ ನಡುಕದಿಂದ ಐಫೋನ್ ಕ್ಯಾಮೆರಾದ ಸ್ಥಿರೀಕರಣ ಭಾಗ ಹಾಳಾಗಬಹುದೆಂದು ಆ್ಯಪಲ್ 2021ರಲ್ಲಿ ಎಚ್ಚರಿಸಿದೆ. ನಡುಕ ತಡೆಯುವ ಹಿಡಿಕೆಗೆ ತುಸು ಹೆಚ್ಚು ಹಣ ಕೊಡುವುದು ಇಲ್ಲಿ ಸಾರ್ಥಕ.

ಕಾರಿನ ಪರದೆ: ಆಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ಇರುವ ಪರದೆ ಮೊಬೈಲಿನ ನಕ್ಷೆಯನ್ನೇ ದೊಡ್ಡದಾಗಿ ತೋರಿಸುವುದರಿಂದ ನಕ್ಷೆ ಹಳತಾಗುವ ಭಯವಿಲ್ಲ. ಪ್ರತ್ಯೇಕ ನಕ್ಷೆ ತುಂಬಿದ ಪರದೆ ಕೊಳ್ಳುವುದಾದರೆ, ಎಷ್ಟು ವರ್ಷ ಉಚಿತವಾಗಿ ನಕ್ಷೆ ನವೀಕರಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಲಾರಿಗಳಿಗೆ ವಾಹನದ ಎತ್ತರ, ಭಾರ ನಮೂದಿಸಿಕೊಂಡು ದಾರಿ ಹುಡುಕುವ ವ್ಯವಸ್ಥೆ ಬೇಕು. ಸಾಮಾನ್ಯ ಆ್ಯಪ್ ಕಾರಿಗೆ ಹೇಳಿದ ದಾರಿಯಲ್ಲಿ ತಗ್ಗಾದ ರೈಲ್ವೆ ಕೆಳಸೇತುವೆ ಎದುರಾದರೆ ತುಂಬಿದ ಲಾರಿ ಹಿಂದಕ್ಕೆ ಬರುವುದೇ ಪ್ರಯಾಸ.

ಕೈಸಾಧನ ಮತ್ತು ಗಡಿಯಾರ: ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯಂಥ ಬೆಟ್ಟಗಳಿಗೆ ಹಗಲು ಹೋಗಿ ಬರುವವರಿಗೆ ನಕ್ಷೆ ಇಳಿಸಿಕೊಂಡ ಮೊಬೈಲು, ಪವರ್ ಬ್ಯಾಂಕ್ ಸಾಕು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ದಿನಗಟ್ಟಲೆ ನಡೆಯುವವರಿಗೆ ಗಾರ್ಮಿನ್ ಇಟ್ರೆಕ್ಸ್ ತರಹದ ಕೈಸಾಧನ ತಕ್ಕದ್ದು. ಗುಂಡಿಗಳಿರುವುದರಿಂದ ಒದ್ದೆ ಕೈಯಲ್ಲೂ ಬಳಸಬಹುದು, ಅಂಗಡಿಯಲ್ಲಿ ಸಿಗುವ ಎಎ ಬ್ಯಾಟರಿಯಲ್ಲಿ ನಡೆಯುವ ಮಾದರಿಗಳಿವೆ. ಸೈಕಲ್ ಸವಾರರಿಗೆ ಹ್ಯಾಂಡಲ್ ಮೇಲೆ ಕೂರುವ ಸೈಕಲ್ ಕಂಪ್ಯೂಟರ್ ಅನುಕೂಲ. ದಾರಿಯ ಜಾಡನ್ನು ಉಳಿಸಿಡುವ ಜಿಪಿಎಕ್ಸ್ ಕಡತ ಓದುವ, ನಡೆದ ಜಾಡನ್ನು ದಾಖಲಿಸಿ ಅದೇ ಜಾಡಿನಲ್ಲಿ ಹಿಂದಿರುಗಿಸುವ ಸೌಲಭ್ಯವನ್ನು ಖಾತ್ರಿ ಮಾಡಿಕೊಳ್ಳಬೇಕು.

ಟ್ರ್ಯಾಕರ್: ವಾಹನ ಎಲ್ಲಿದೆಯೆಂದು ಮಾಲೀಕರಿಗೆ ತಿಳಿಸುವುದು ಇದರ ಕೆಲಸ, ಚಾಲಕರಿಗೆ ದಾರಿ ಹೇಳುವುದಿಲ್ಲ. ಟ್ಯಾಕ್ಸಿ, ಬಸ್ ಮುಂತಾದ ಸಾರ್ವಜನಿಕ ಸೇವಾ ವಾಹನಗಳು 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವಾಗ ಎಐಎಸ್-140 ಮಾನದಂಡದ ಸಾಧನವನ್ನೂ ತುರ್ತು ಗುಂಡಿಯನ್ನೂ ಹೊಂದಿರಬೇಕು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ವಿನಾಯಿತಿಯಿದೆ. ಆದ್ದರಿಂದ ಹಳದಿ ಫಲಕದ ವಾಹನದವರು ಅಗ್ಗದ ಸಾಮಾನ್ಯ ಟ್ರ್ಯಾಕರ್ ಕೊಂಡರೆ ಎಫ್‌ಸಿ (ವಾಹನ ಅರ್ಹತಾ ಪತ್ರ) ವೇಳೆಗೆ ಮತ್ತೊಮ್ಮೆ ಖರ್ಚು ಮಾಡಬೇಕಾದೀತು. ಸ್ವಂತ ಕಾರು, ಟ್ರ್ಯಾಕ್ಟರಿಗೆ ಕಳ್ಳತನದ ಭಯಕ್ಕಾಗಿ ಕೊಳ್ಳುವವರು 4ಜಿ ಸಿಮ್ ನಡೆಯುವುದೇ ಎಂದು ನೋಡಬೇಕು. ಬರಿಯ 2ಜಿ ಟ್ರ್ಯಾಕರಿನಲ್ಲಿ ಜಿಯೊ ಸಿಮ್ ಕೆಲಸ ಮಾಡುವುದಿಲ್ಲ.

ಜಮೀನಿನ ಅಳತೆ

ಜಿಪಿಎಸ್ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್, ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ತೋರಿಸುತ್ತದೆ. ಜಮೀನು ನೋಡಲು ಹೋದವರಿಗೆ, ಅದು ಕೆರೆಯಂಗಳವೋ ಸರ್ಕಾರಿ ಜಾಗವೋ ಎಂಬ ಮೊದಲ ಪರಿಶೀಲನೆಗೆ ಇದು ದೊಡ್ಡ ಸಹಾಯ. ಆದರೆ ಬೇಲಿ ಎಲ್ಲಿ ಹಾಕಬೇಕೆಂದು ಇದರಿಂದ ತೀರ್ಮಾನಿಸಲಾಗದು.

ಲೆಕ್ಕ ಹಾಕಿ ನೋಡಬಹುದು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದು ಚೌಕವಾಗಿದ್ದರೆ ಒಂದು ಬದಿ ಸುಮಾರು 63.6 ಮೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. ಅಂದರೆ ಆ ಎಕರೆಯ ಒಂದು ಬದಿಯ ಗಡಿಯನ್ನು 1.6 ಮೀಟರ್ ಆಚೀಚೆ ಜರುಗಿಸಿದರೆ ಒಂದು ಗುಂಟೆಯೇ ಕೈಬದಲಾಗುತ್ತದೆ. ಮೊಬೈಲಿನ 5 ಮೀಟರ್ ತಪ್ಪು ಮೂರು ಗುಂಟೆಗೂ ಮಿಗಿಲು. ದೇವನಹಳ್ಳಿ, ಹೊಸಕೋಟೆ ಸುತ್ತಿನ ಇಂದಿನ ಜಮೀನಿನ ಬೆಲೆಯಲ್ಲಿ ಇದು ಅಣ್ಣತಮ್ಮಂದಿರನ್ನು ಕೋರ್ಟು ಹತ್ತಿಸಬಲ್ಲ ವ್ಯತ್ಯಾಸ.

ಭೂಮಾಪಕರು ಬಳಸುವ ರೋವರ್ ಈ ತಪ್ಪನ್ನು ಸೆಂಟಿಮೀಟರುಗಳಿಗೆ ಇಳಿಸುತ್ತದೆ. ಸ್ಥಾನ ನಿಖರವಾಗಿ ಗೊತ್ತಿರುವ ಸ್ಥಿರ ಕೇಂದ್ರವೊಂದು ಸಂಕೇತದ ದೋಷವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ತಿದ್ದುಪಡಿ ಕಳಿಸುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಇಂಥ ಕೇಂದ್ರಗಳ ಕಾರ್ಸ್ ಜಾಲವನ್ನು ಕರ್ನಾಟಕದಲ್ಲೂ ಸ್ಥಾಪಿಸಿದೆ. ರೈತರಾಗಲಿ ನಿವೇಶನದವರಾಗಲಿ ಲಕ್ಷಗಟ್ಟಲೆ ಕೊಟ್ಟು ರೋವರ್ ಕೊಳ್ಳಬೇಕಿಲ್ಲ. ಶುಲ್ಕ ಕಟ್ಟಿ ಗಡಿ ಗುರುತಿಸುವ ಹದ್ದುಬಸ್ತಿಗೋ ಪಾಲು ಬೇರ್ಪಡಿಸುವ ಪೋಡಿಗೋ ಅರ್ಜಿ ಹಾಕಿ, ಅಧಿಕೃತ ಭೂಮಾಪಕರಿಂದ ಅಳತೆ ಮಾಡಿಸುವುದೇ ಸರಿಯಾದ ದಾರಿ. ಕೊಳವೆಬಾವಿ, ಪೈಪ್‌ಲೈನಿನ ವಾಲ್ವ್, ದ್ರಾಕ್ಷಿ ಸಾಲಿನ ರೋಗದ ಜಾಗ ಗುರುತಿಟ್ಟುಕೊಳ್ಳಲು ಮಾತ್ರ ಮೊಬೈಲ್ ಧಾರಾಳವಾಗಿ ಸಾಕು.

ಜಾಗದ ಅಂಕಿ ಬರೆದುಕೊಳ್ಳುವಾಗ ಕ್ರಮವನ್ನು ಗಮನಿಸಬೇಕು. ದೇವನಹಳ್ಳಿಯ ಅಕ್ಷಾಂಶ ಸುಮಾರು 13.25 ಡಿಗ್ರಿ, ಅಂದರೆ 13 ಡಿಗ್ರಿ 15 ನಿಮಿಷ. ಇದನ್ನು 13 ಡಿಗ್ರಿ 25 ನಿಮಿಷ ಎಂದು ಓದಿ ನಮೂದಿಸಿದರೆ ಗುರುತು 18 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿದು ಚಿಕ್ಕಬಳ್ಳಾಪುರದ ಹತ್ತಿರ ಬೀಳುತ್ತದೆ. ತುರ್ತಿನಲ್ಲಿ ಆಂಬುಲೆನ್ಸಿಗೆ ಜಾಗ ಹೇಳುವವರು ಇದನ್ನು ಮರೆಯಬಾರದು. ದಶಮಾಂಶದ ನಂತರ ಐದು ಅಂಕಿ ಕೊಟ್ಟರೆ ಸುಮಾರು ಒಂದು ಮೀಟರಿನವರೆಗೆ ಜಾಗ ಸೂಚಿಸಬಹುದು.

ಖರೀದಿಯ ಮುನ್ನ ಪರೀಕ್ಷೆ

ಅಂಗಡಿಯೊಳಗೆ ಸೂರಿನಡಿ ಸಾಧನವನ್ನು ಅಳೆಯಲಾಗದು. ಬಯಲಿಗೆ ತಂದು, ಮೊಬೈಲ್ ಅಥವಾ ಟ್ಯಾಬ್ ಆಗಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಇಳಿಸಿಕೊಂಡ ನಕ್ಷೆಯಲ್ಲಿ ಜಾಗ ತೋರುತ್ತದೆಯೇ ನೋಡಬೇಕು. ವೈಫೈ ಮಾತ್ರ ಇರುವ ಐಪ್ಯಾಡಿನಂಥ ಟ್ಯಾಬುಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಯಾವ ದೇಶದ ಎಷ್ಟು ಉಪಗ್ರಹಗಳು ಸಿಗುತ್ತಿವೆ, ಎಲ್5 ಇದೆಯೇ ಎಂದು ತೋರಿಸುತ್ತದೆ. ಪರದೆ ಬಿಸಿಲಿನಲ್ಲಿ ಓದುವಂತಿದೆಯೇ, ಧ್ವನಿ ಹೆಲ್ಮೆಟ್ಟಿನೊಳಗೆ ಕೇಳುತ್ತದೆಯೇ, ‘ತೂಬಗೆರೆ’ ಅಥವಾ ‘ತ್ಯಾಮಗೊಂಡ್ಲು’ ಎಂದು ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ ಎಂಬುದನ್ನೂ ನೋಡಬೇಕು.

ಹಳೆಯ ಸಾಧನವನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಅದು ತೋರಿಸುವ ದಿನಾಂಕ ನೋಡಬೇಕು. ಜಿಪಿಎಸ್ ಸಂಕೇತದ ವಾರದ ಎಣಿಕೆ 1,024 ವಾರಕ್ಕೊಮ್ಮೆ, ಅಂದರೆ 19 ವರ್ಷ ಚಿಲ್ಲರೆಗೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಮರಳಿದಾಗ ಸಾಫ್ಟ್‌ವೇರ್ ನವೀಕರಿಸದ ಕೆಲವು ಸಾಧನಗಳು ತಪ್ಪು ದಿನಾಂಕ ತೋರಿಸತೊಡಗಿದವು. ಅಂಥವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡುವುದು ಮೇಲು.

ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿ, ಚಾಲನೆಯ ವೇಳೆ ಕೈಸಾಧನವನ್ನು ಗಮನ ಕದಡದಂತೆ ದಾರಿ ನೋಡಲು ಮಾತ್ರ ಬಳಸಬಹುದೆಂದು ಹೇಳುತ್ತದೆ. ಸಾಧನ ಹಿಡಿಕೆಯಲ್ಲಿ ಗಟ್ಟಿಯಾಗಿ ಕೂತಿರಲಿ, ತಲುಪಬೇಕಾದ ಜಾಗವನ್ನು ವಾಹನ ನಿಲ್ಲಿಸಿಯೇ ನಮೂದಿಸಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಮಾದರಿಯ ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ತಂದ ಪ್ರವಾಸಿಗರು ಭಾರತದ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದದ್ದುಂಟು. ವಿದೇಶದಲ್ಲಿರುವ ಮಕ್ಕಳಿಂದ ಇಂಥದ್ದನ್ನು ತರಿಸಿಕೊಳ್ಳುವವರು ಮೊದಲೇ ವಿಚಾರಿಸಬೇಕು. ಉಪಗ್ರಹ ಆಧಾರಿತ ಟೋಲ್ ಸಂಗ್ರಹಕ್ಕೆ 2024ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದುಪಡಿಯಾದರೂ ಬಳಕೆಯಲ್ಲಿರುವುದು ಫಾಸ್ಟ್ಯಾಗ್. ಟೋಲಿಗಾಗಿ ಈಗಲೇ ಸಾಧನ ಕೊಳ್ಳುವ ಅಗತ್ಯವಿಲ್ಲ.

ಅಗತ್ಯ ಮತ್ತು ಬಜೆಟ್

ಹತ್ತಾರು ಮೀಟರ್ ತಪ್ಪಿದರೂ ನಡೆಯುವ ಕೆಲಸಕ್ಕೆ, ಅಂದರೆ ಊರಿಂದೂರಿಗೆ ಹೋಗುವುದಕ್ಕೆ, ಕೈಯಲ್ಲಿರುವ ಮೊಬೈಲಿಗೆ ಗಟ್ಟಿ ಹಿಡಿಕೆ, ಚಾರ್ಜರ್ ಮತ್ತು ಇಳಿಸಿಕೊಂಡ ನಕ್ಷೆ ಸೇರಿಸಿದರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ದಿನವಿಡೀ ಡೆಲಿವರಿ ಮಾಡುವವರಿಗೆ ದ್ವಿ-ಆವರ್ತನದ ಮೊಬೈಲು, ದೊಡ್ಡ ಬ್ಯಾಟರಿ ಯೋಗ್ಯ ಹೂಡಿಕೆ. ಕೆಲವೇ ಮೀಟರ್ ನಿಖರತೆಯೂ ದೀರ್ಘ ಬಾಳಿಕೆಯೂ ಬೇಕಾದ ಚಾರಣಿಗರು ಹತ್ತು ಸಾವಿರದ ಆಚೆಗಿನ ಕೈಸಾಧನಗಳತ್ತ ನೋಡಬಹುದು. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಹೋಗುವವರು ಗೆಳೆಯರಿಂದ ಎರವಲು ತರುವುದು ಲೇಸು. ಬಾಡಿಗೆ ವಾಹನದವರು ಎಐಎಸ್-140 ಸಾಧನದ ಬೆಲೆಯ ಜೊತೆ ವರ್ಷವರ್ಷದ ಸಿಮ್ ಮತ್ತು ಸೇವಾ ಶುಲ್ಕವನ್ನೂ ಕೂಡಿಸಿಯೇ ಹೋಲಿಸಬೇಕು. ಸೆಂಟಿಮೀಟರ್ ಲೆಕ್ಕದ ಕೆಲಸವನ್ನು ಅದನ್ನು ಬಲ್ಲ ಭೂಮಾಪಕರಿಗೆ ವಹಿಸಬೇಕು.

ಮೊಬೈಲಿನಲ್ಲೇ ಆಗುವ ಕೆಲಸಕ್ಕೆ ಹತ್ತಾರು ಸಾವಿರ ಸುರಿಯುವುದು ದುಂದು. ರೋವರ್ ಬೇಕಾದ ಕಡೆ ಮೊಬೈಲ್ ನಂಬಿ ಬೇಲಿ ಹಾಕುವುದು ಅದಕ್ಕಿಂತ ದೊಡ್ಡ ನಷ್ಟ. ಎರಡನ್ನೂ ತಪ್ಪಿಸಲು ಅಂಗಡಿಗೆ ಹೋಗುವ ಮುನ್ನವೇ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಬೇಕು: ಎಷ್ಟು ಮೀಟರ್ ತಪ್ಪು ಸಹ್ಯ, ನೆಟ್‌ವರ್ಕ್ ಇಲ್ಲದ ಕಡೆ ಎಷ್ಟು ಹೊತ್ತು ಇರಬೇಕು, ನಕ್ಷೆಯನ್ನು ಮುಂದೆ ಯಾರು ಹೊಸದಾಗಿಡುತ್ತಾರೆ. ಈ ಮೂರಕ್ಕೂ ಉತ್ತರ ಕೊಡುವ ಸಾಧನಗಳಲ್ಲಿ ಅತಿ ಕಡಿಮೆ ಬೆಲೆಯದೇ ಸರಿಯಾದ ಆಯ್ಕೆ.